ಇದ್ದಿಲಿನ ಒಳಮನೆ

ಮೊನ್ನೆ ಸೋಸುಯಂತ್ರದ ಇದ್ದಿಲಿನ ಕೊಳವೆಯನ್ನು ಬದಲಿಸುತ್ತಿದ್ದಾಗ ನಮ್ಮ ಮನೆಯಾಕೆ, “ಇದ್ದಿಲು ಮುಟ್ಟಿದರೆ ಕೈ ಕಪ್ಪಾಗುತ್ತೆ, ಅದರೊಳಗಿಂದ ಬಂದ ನೀರು ಮಾತ್ರ ಇಷ್ಟು ತಿಳಿಯಾಗಿರೋದು ಹೇಗಂತೀರಿ?” ಎಂದು ಕೇಳಿದಳು. ಕನ್ನಡ ಪಾಠ ಹೇಳುವ ನನ್ನಲ್ಲಿ ಉತ್ತರವೆಲ್ಲಿಯದು? ರಸಾಯನಶಾಸ್ತ್ರದ ಮಿತ್ರರೊಬ್ಬರನ್ನು ಮೊರೆಹೊಕ್ಕೆ.

ಇದ್ದಿಲು ಕಲ್ಮಷವನ್ನು ಕುಡಿಯುವುದಿಲ್ಲ, ಮೈಗೆ ಅಂಟಿಸಿಕೊಳ್ಳುತ್ತದೆ ಎಂದರವರು. ಇದಕ್ಕೆ ಪಂಡಿತರು ಕೊಟ್ಟ ಹೆಸರು ‘ಅಧಿಶೋಷಣೆ’. (ಶೋಷಣೆಗೆ ಈಗ ಬೇರೆಯೇ ಅರ್ಥ ರೂಢಿಯಾಗಿರುವುದರಿಂದ ಈ ಪದ ನನಗಷ್ಟು ರುಚಿಸದು.) ತೆಂಗಿನ ಚಿಪ್ಪನ್ನು ಸುಟ್ಟು, ಬಿಸಿ ಹಬೆಯಿಂದ ರಂಧ್ರಮಯವಾಗಿಸಿದ ಒಂದು ಗ್ರಾಂ ಇದ್ದಿಲಿನ ಒಳಮೈಯನ್ನು ಹರಡಬಹುದಾದರೆ ಅದು ಸುಮಾರು 1000 ಚದರ ಮೀಟರು, ಎಂದರೆ ಮೂವತ್ತು-ನಲವತ್ತರ ಒಂಬತ್ತು ನಿವೇಶನಗಳಷ್ಟು! ಅಣುಗಳಿಗೆ ಕೂರಲು ಜಾಗಕ್ಕೇನು ಬರ? 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರದಲ್ಲಿ ಜರ್ಮನರು ಕ್ಲೋರಿನ್ ವಿಷಾನಿಲವನ್ನು ಹರಿಯಬಿಟ್ಟರು. ರಷ್ಯದ ಜೆಲಿನ್ಸ್ಕಿ ಇದ್ದಿಲಿನ ಮುಖವಾಡವನ್ನು ರೂಪಿಸಿದ್ದು ಅದೇ ವರ್ಷ.

ಯಾವ ರಂಧ್ರ ಎಷ್ಟು ಅನಿಲವನ್ನು ಹಿಡಿದೀತೆಂಬುದನ್ನು ಇಂದು ಗಣಕಯಂತ್ರದಲ್ಲೇ ಆಡಿ ನೋಡುತ್ತಾರೆ. ಆಡಿ ಎಂದದ್ದು ಅಲಂಕಾರಕ್ಕಲ್ಲ. 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಬ್ಬನೇ ಇಸ್ಪೀಟು ಆಡುತ್ತಿದ್ದ ಗಣಿತಜ್ಞ ಉಲಾಮ್‌ಗೆ, ಗೆಲುವಿನ ಸಂಭವವನ್ನು ಸೂತ್ರದಿಂದ ತೆಗೆಯುವುದಕ್ಕಿಂತ ನೂರು ಆಟವಾಡಿ ಎಣಿಸುವುದೇ ಸುಲಭವೆಂದು ಹೊಳೆಯಿತು. ಜೂಜಿನ ಊರಿನ ಹೆಸರೇ ಆ ವಿಧಾನಕ್ಕೂ ನಿಂತಿತು: ಮಾಂಟೆ ಕಾರ್ಲೊ. ಯಂತ್ರದೊಳಗೆ ಎರಡು ಗ್ರಾಫೈಟು ಗೋಡೆಗಳನ್ನು ಎದುರುಬದುರು ಕಲ್ಪಿಸಿ, ನಡುವೆ ಒಂದು ಅಣುವನ್ನು ಸೇರಿಸುವುದು, ಇನ್ನೊಂದನ್ನು ತೆಗೆಯುವುದು, ಮತ್ತೊಂದನ್ನು ಸರಿಸುವುದು. ಶಕ್ತಿಯ ಲೆಕ್ಕಕ್ಕೆ ಒಪ್ಪಿದರೆ ನಡೆ ಊರ್ಜಿತ, ಇಲ್ಲವಾದರೆ ರದ್ದು. ಹೀಗೆ ಲಕ್ಷಾಂತರ ನಡೆಗಳಾದ ಮೇಲೆ ಸರಾಸರಿ ಎಷ್ಟು ಅಣುಗಳು ಉಳಿದವೆಂದು ಎಣಿಸುತ್ತಾರೆ. ಗೋಡೆಗಳು ತೀರ ಹತ್ತಿರವಾದರೆ ಅಣು ನುಗ್ಗಲಾರದು. ತುಸು ಸರಿದರೆ ಎರಡೂ ಗೋಡೆಗಳ ಸೆಳೆತ ಕೂಡಿ ಬಿಗಿಯಾಗಿ ಹಿಡಿಯುತ್ತದೆ. ಬಹಳ ದೂರವಾದರೆ ನಡುವಿನ ಅಣುಗಳಿಗೆ ಗೋಡೆಗಳ ಹಂಗೇ ಇಲ್ಲ.

ಆದರೆ ನಿಜವಾದ ಇದ್ದಿಲಿನಲ್ಲಿ ಅಂಥ ನುಣುಪು ಗೋಡೆಗಳೆಲ್ಲಿವೆ? ಎಷ್ಟು ಕಾಸಿದರೂ ಗ್ರಾಫೈಟಾಗದ ಇಂಗಾಲಗಳುಂಟೆಂದು ರೊಸಾಲಿಂಡ್ ಫ್ರಾಂಕ್ಲಿನ್ 1951ರಲ್ಲೇ ತೋರಿಸಿದ್ದರು. ಅವುಗಳ ಪದರಗಳು ಅಡ್ಡಾದಿಡ್ಡಿ. ಅಂಚುಗಳಲ್ಲಿ ಆಮ್ಲಜನಕ ಸೇರಿದ್ದರೆ ಅದು ನೀರನ್ನು ಕರೆದು ಕೂರಿಸುತ್ತದೆ. ತೇವದ ಗಾಳಿಯಲ್ಲಿ ವಿಷಾನಿಲ ಬರುವ ಹೊತ್ತಿಗೆ ಎಷ್ಟೋ ಪೀಠಗಳು ಭರ್ತಿ! ಒಣಗಾಳಿಯ ಲೆಕ್ಕವನ್ನೇ ನಂಬಿ ಮುಖವಾಡ ಧರಿಸಿದವನ ಗತಿಯೇನು?

ಅದಕ್ಕೇ ಈಗ ಅಂಕುಡೊಂಕು ಗೋಡೆಗಳನ್ನೂ ನೀರಿನ ಅಣುಗಳನ್ನೂ ಲೆಕ್ಕದೊಳಗೆ ತರುತ್ತಾರಂತೆ. ಅಷ್ಟಾದ ಮೇಲೂ ನಮ್ಮ ಮಿತ್ರರು ಚಿಟಿಕೆ ಇದ್ದಿಲನ್ನು ತಕ್ಕಡಿಗಿಟ್ಟು, ಅನಿಲ ಹಾಯಿಸಿ, ತೂಕ ಎಷ್ಟು ಏರಿತೆಂದು ನೋಡದೆ ಬಿಡುವವರಲ್ಲ.