ಹಳೆಯ ಲ್ಯಾಪ್‌ಟಾಪಿಗೆ ಎರಡನೆಯ ಆಪರೇಟಿಂಗ್ ಸಿಸ್ಟಂ

ವಿಂಡೋಸ್ 10 ಎಂಬ ಆಪರೇಟಿಂಗ್ ಸಿಸ್ಟಮಿಗೆ ಮೈಕ್ರೋಸಾಫ್ಟಿನವರು ಕೊಡುತ್ತಿದ್ದ ಪೋಷಣೆಯು 2025ನೆಯ ಇಸವಿ ಅಕ್ಟೋಬರ್ 14ನೆಯ ತಾರೀಖಿಗೆ ನಿಂತಿತಷ್ಟೆ. ಅಂದಿನಿಂದ ನಮ್ಮ ವಾಚಕರಲ್ಲಿ ಅನೇಕರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಲಿದ್ದಾರೆ. ಮನೆಯ ಲ್ಯಾಪ್‌ಟಾಪು ಚೆನ್ನಾಗಿಯೇ ನಡೆಯುತ್ತಿದೆ. ಆದರೆ ವಿಂಡೋಸ್ 11 ಅದಕ್ಕೆ ಒಗ್ಗದಂತೆ. ಹಾಗಾದರೆ ಅದನ್ನು ಗುಜರಿಗೆ ಹಾಕಬೇಕೆ? ಬೇಕಿಲ್ಲವೆಂಬುದೇ ನಮ್ಮ ಅಭಿಪ್ರಾಯ. ಅದು ಹೇಗೆಂಬುದನ್ನು ಈ ತಿಂಗಳು ಕೊಂಚ ವಿಸ್ತಾರವಾಗಿ ಅರಿಕೆಮಾಡುವೆವು.

ಪೋಷಣೆ ನಿಂತಿತೆಂದರೆ ಯಂತ್ರವು ನಿಂತಿತೆಂದು ಅರ್ಥವಲ್ಲ. ಕಳ್ಳರು ನುಗ್ಗಬಹುದಾದ ಹೊಸ ಹೊಸ ಕಂಡಿಗಳು ಗೊತ್ತಾದಾಗ ಅವನ್ನು ಮುಚ್ಚುವವರು ಇನ್ನಿಲ್ಲವೆಂದು ಅರ್ಥ. ಒಂದು ವರ್ಷದ ಮಟ್ಟಿಗೆ, ಎಂದರೆ 2026ರ ಅಕ್ಟೋಬರ್ 13ರವರೆಗೆ, ಹೆಸರು ನೋಂದಾಯಿಸಿದ ಗೃಹಸ್ಥರಿಗೆ ರಕ್ಷಣೆ ಮುಂದುವರಿಸುವ ಏರ್ಪಾಡನ್ನು ಕಂಪೆನಿಯವರು ಪ್ರಕಟಿಸಿದರು. ಆದರೆ ಅದು ವಾಯಿದೆಯೇ ಹೊರತು ಪರಿಹಾರವಲ್ಲ. ವಿಂಡೋಸ್ 11 ಆದರೋ ಟಿ.ಪಿ.ಎಂ. 2.0 ಎಂಬ ರಕ್ಷಣಾ ವ್ಯವಸ್ಥೆಯನ್ನೂ, ಇಂಟೆಲ್ ಯಂತ್ರಗಳಲ್ಲಿ ಬಹುಮಟ್ಟಿಗೆ ಎಂಟನೆಯ ತಲೆಮಾರಿನ ಅಥವಾ ಅದಕ್ಕಿಂತ ಈಚಿನ ಪ್ರೊಸೆಸರನ್ನೂ ಅಪೇಕ್ಷಿಸುತ್ತದೆ. 2015, 2016ರಲ್ಲಿ ಕೊಂಡ ಲ್ಯಾಪ್‌ಟಾಪು ಎಷ್ಟೇ ಗಟ್ಟಿಯಾಗಿದ್ದರೂ ಈ ಪಂಕ್ತಿಯಲ್ಲಿ ಅದಕ್ಕೆ ಎಲೆಯಿಲ್ಲ.

ಇಂಥ ಯಂತ್ರಕ್ಕೆ ಲಿನಕ್ಸ್ ಎಂಬುದೊಂದು ಆಶ್ರಯವುಂಟು. 1991ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬವರು ಇದರ ತಿರುಳನ್ನು ಬರೆದರು. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ನರು ಆರಂಭಿಸಿದ್ದ ಗ್ನೂ ಯೋಜನೆಯ ಉಪಕರಣಗಳು ಅದರೊಡನೆ ಕೂಡಿದುವು. ಹಂಚುವುದಕ್ಕೂ ತಿದ್ದುವುದಕ್ಕೂ ಯಾರಪ್ಪಣೆಯೂ ಬೇಡ, ಬೆಲೆಯೂ ಇಲ್ಲ. ಇದರ ನಾನಾ ರೂಪಗಳಲ್ಲಿ ವಿಂಡೋಸಿನ ಅಭ್ಯಾಸವಿರುವವರಿಗೆ ಮಿಂಟ್ ಎಂಬುದು ಸುಲಭವೆಂದು ನಮಗೆ ತೋರುತ್ತದೆ. ಅದರ 22ನೆಯ ಆವೃತ್ತಿಗೆ 2029ರವರೆಗೆ ಪೋಷಣೆ ಗೊತ್ತಾಗಿದೆ. 2 ಜಿ.ಬಿ. ರ‍್ಯಾಮಿನಲ್ಲಿ ಅದು ಹೇಗೋ ನಡೆದೀತು, 4 ಇದ್ದರೆ ನೆಮ್ಮದಿ. ಯಂತ್ರವು ತೀರ ಬಡವಾಗಿದ್ದರೆ ಮಿಂಟಿನಲ್ಲೇ ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಬಗೆಯನ್ನು ಆರಿಸತಕ್ಕುದು. (ತಿರುಗುವ ಹಳೆಯ ಹಾರ್ಡ್ ಡಿಸ್ಕನ್ನು ತೆಗೆದು ಎಸ್.ಎಸ್.ಡಿ. ಹಾಕಿಸಿದರೆ ಆಗುವ ಚುರುಕು ಬೇರೆ ಯಾವ ಉಪಾಯದಿಂದಲೂ ಆಗದೆಂಬುದನ್ನು ಇಲ್ಲಿಯೇ ಹೇಳಿಬಿಡುವೆವು.)

ನಮ್ಮ ಬೀದಿಯಲ್ಲೊಬ್ಬ ತಾಯಿಯಿದ್ದಾರೆ. ಪತಿ ತೀರಿಕೊಂಡು ಮೂರು ವರ್ಷವಾಯಿತು. ಹೊಲಿಗೆಯ ಸಂಪಾದನೆಯಲ್ಲಿ ಮಗಳನ್ನು ಪಿ.ಯು.ಸಿ. ಓದಿಸುತ್ತಿದ್ದಾರೆ. ಜಮೀನಿನ ವ್ಯವಹಾರದ ಟಿಪ್ಪಣಿಗಳೂ ಬಂಧುಗಳಿಗೆ ಬರೆದ ಕಾಗದಗಳೂ ಆ ಯಜಮಾನರ ಲ್ಯಾಪ್‌ಟಾಪಿನಲ್ಲಿ ಹಳೆಯ ನುಡಿ ಲಿಪಿಯಲ್ಲಿವೆ. ಮಗಳ ಪಾಠಕ್ಕೂ ಅದೊಂದೇ ಯಂತ್ರ. ಅಂಗಡಿಯವನೊಬ್ಬನು ಎಲ್ಲವನ್ನೂ ಅಳಿಸಿ ಹೊಸದು ಹಾಕಿಕೊಡುವೆನೆಂದನಂತೆ. "ಅವರು ಬರೆದದ್ದು ಅಂತ ಉಳಿದಿರೋದು ಅಷ್ಟೇ, ಮೇಷ್ಟ್ರೇ. ಒಂದಕ್ಷರವೂ ಹೋಗಬಾರದು" ಎಂದು ಆಕೆ ನಮ್ಮಲ್ಲಿ ಹೇಳಿದರು. ಹಳೆಯದು ಹೋಗಕೂಡದು, ಹೊಸದು ಬಾರದೆ ತೀರದು ಎಂಬ ಇಂಥ ಸಂದರ್ಭಕ್ಕೇ ಎರಡು ಸಿಸ್ಟಮುಗಳನ್ನು ಒಂದೇ ಯಂತ್ರದಲ್ಲಿಡುವ ಕ್ರಮವು ಹೇಳಿಮಾಡಿಸಿದಂತಿದೆ.

ಲಿನಕ್ಸನ್ನು ಸ್ಥಾಪಿಸುವಾಗ ಒಂದು ಘಟ್ಟದಲ್ಲಿ ಯಂತ್ರವು ಕೇಳುತ್ತದೆ: ವಿಂಡೋಸಿನ ಪಕ್ಕದಲ್ಲಿ ಇರಲೋ, ಡಿಸ್ಕನ್ನೆಲ್ಲ ಅಳಿಸಿ ನಾನೊಬ್ಬನೇ ಇರಲೋ? ಶಾಲೆಯಲ್ಲಿ ಸಂಧಿ ಕಲಿತವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಮಳೆ, ಕಾಲ ಎಂಬೆರಡು ಕೂಡಿ ಮಳೆಗಾಲವಾದಾಗ ಗಕಾರವು ಬಂದು ಕಕಾರವನ್ನು ಓಡಿಸಿತು, ಇದು ಆದೇಶ. ಮನೆಯನ್ನು ಎಂಬಲ್ಲಿ ಯಕಾರವು ಬಂತು, ಆದರೆ ಯಾರನ್ನೂ ಎಬ್ಬಿಸದೆ ನಡುವೆ ಕುಳಿತಿತು, ಇದು ಆಗಮ. ಆದೇಶವು ಶತ್ರುವಿನಂತೆ, ಆಗಮವು ಮಿತ್ರನಂತೆ ಎಂದು ವೈಯಾಕರಣರು ಹೇಳುವುದುಂಟು. ಮೇಲಿನ ಪ್ರಶ್ನೆ ಬಂದಾಗ ನಾವು ಆರಿಸತಕ್ಕುದು ಆಗಮವನ್ನು. ಅವಸರದಲ್ಲಿ ಆದೇಶವನ್ನೊತ್ತಿದರೆ ಹತ್ತು ವರ್ಷದ ಬರವಣಿಗೆ ಕ್ಷಣದಲ್ಲಿ ಹೋದೀತು.

ಆದುದರಿಂದ ಪೂರ್ವಸಿದ್ಧತೆಯೇ ಇಲ್ಲಿ ಮುಖ್ಯ. ಮೊದಲು ಕಡತಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲುಮಾಡಿ, ಆ ನಕಲುಗಳನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ತೆರೆದು ನೋಡದ ನಕಲನ್ನು ನಾವು ನಕಲೆಂದೇ ಎಣಿಸುವುದಿಲ್ಲ. ಡಿಸ್ಕಿಗೆ ಬಿಟ್‌ಲಾಕರಿನ ಬೀಗವಿದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಇಲ್ಲವಾದರೆ ಆಮೇಲೆ ಯಂತ್ರವೇ ಯಜಮಾನನನ್ನು ಹೊರಗೆ ನಿಲ್ಲಿಸೀತು. ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬುದನ್ನು ನಿಲ್ಲಿಸತಕ್ಕುದು. ಏಕೆಂದರೆ ಅದಿದ್ದಾಗ ವಿಂಡೋಸು ಪೂರ್ತಿ ಮಲಗದೆ ಅರೆನಿದ್ದೆಯಲ್ಲಿರುವುದರಿಂದ, ಅದರ ಭಾಗದಲ್ಲಿ ಲಿನಕ್ಸು ಕೈಯಾಡಿಸಿದರೆ ಕಡತಗಳು ಕೆಡುವ ಸಂಭವವಿದೆ. ಬಳಿಕ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದಲೇ ಅದರ ಭಾಗವನ್ನು ಕುಗ್ಗಿಸಿ ಜಾಗ ಬಿಡಿಸಬೇಕು. 20 ಜಿ.ಬಿ. ಕನಿಷ್ಠ, ಅದಕ್ಕಿಂತ ಧಾರಾಳವಾಗಿ ಬಿಟ್ಟರೆ ಒಳ್ಳೆಯದು.

ಇಷ್ಟಾದ ಮೇಲೂ ಒಡನೆ ಸ್ಥಾಪಿಸಬೇಕೆಂದಿಲ್ಲ. 8 ಜಿ.ಬಿ.ಯ ಒಂದು ಪೆನ್ ಡ್ರೈವಿನಿಂದಲೇ ಮಿಂಟನ್ನು ನಡೆಸಿ ನೋಡಬಹುದು. ಆಗ ಡಿಸ್ಕಿನಲ್ಲಿ ಏನೂ ಬದಲಾಗದು. ವೈಫೈ, ಧ್ವನಿ, ಕ್ಯಾಮೆರಾ, ಪ್ರಿಂಟರು ಎಲ್ಲ ಸರಿಯಾಗಿವೆಯೇ ಎಂದು ಎರಡು ದಿನ ಪರೀಕ್ಷಿಸಿ, ಸೇರದಿದ್ದರೆ ಪೆನ್ ಡ್ರೈವನ್ನು ಕಿತ್ತರೆ ಮುಗಿಯಿತು.

ಸ್ಥಾಪನೆಯಾದ ಮೇಲೆ ಯಂತ್ರ ಹಚ್ಚಿದಾಗಲೆಲ್ಲ ಗ್ರಬ್ ಎಂಬ ಪಟ್ಟಿ ಬಂದು ಯಾವ ಸಿಸ್ಟಂ ಬೇಕೆಂದು ಕೇಳುತ್ತದೆ. ಒಂದು ವಿನೋದವನ್ನು ಹೇಳಬೇಕು. ವಿಂಡೋಸು ಒಳಗಿನ ಗಡಿಯಾರವನ್ನು ನಮ್ಮೂರಿನ ವೇಳೆಗೆ ಇಡುತ್ತದೆ. ಲಿನಕ್ಸು ಸಾಮಾನ್ಯವಾಗಿ ಅಂತರರಾಷ್ಟ್ರೀಯ ವೇಳೆಗೆ ಇಡುತ್ತದೆ. ಆದ್ದರಿಂದ ಕೆಲವೊಮ್ಮೆ ವಿಂಡೋಸಿಗೆ ಮರಳಿದಾಗ ಗಡಿಯಾರವು ಐದೂವರೆ ಗಂಟೆ, ಎಂದರೆ ಹದಿನಾಲ್ಕು ಗಳಿಗೆಗೆ ಕಾಲು ಗಳಿಗೆ ಕಡಿಮೆ, ಹಿಂದಿರುತ್ತದೆ. ಸ್ಥಳೀಯ ವೇಳೆಯನ್ನೇ ಇಡೆಂದು ಲಿನಕ್ಸಿಗೆ ಒಂದು ಆಜ್ಞೆ ಕೊಟ್ಟರೆ ಸರಿಹೋಗುವುದು. ಗಾಬರಿಯಾಗಿ ಅಂಗಡಿಗೆ ಹೊತ್ತುಕೊಂಡು ಹೋಗತಕ್ಕುದಲ್ಲ.

ಕನ್ನಡ ಬರೆಯುವವರಿಗೆ ತೊಂದರೆಯಿಲ್ಲ. ನುಡಿಯಲ್ಲಿ ಅಭ್ಯಾಸವಾದ ಕಗಪ ಕೀಲಿಮಣೆ ಲಿನಕ್ಸಿನಲ್ಲಿಯೂ ಇದೆ. ಹಳೆಯ ನುಡಿ ಲಿಪಿಯ ಕಡತಗಳು ಮಾತ್ರ ಯೂನಿಕೋಡಿಗೆ ತಿರುಗಿಸದ ಹೊರತು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ನುಡಿಯ ಪರಿವರ್ತಕದಿಂದ ವಿಂಡೋಸಿನಲ್ಲಿಯೇ ತಿರುಗಿಸಿಕೊಳ್ಳತಕ್ಕುದು. ಹಳೆಯದನ್ನು ಉಳಿಸಿಕೊಂಡದ್ದರ ಪ್ರಯೋಜನವು ಇಲ್ಲಿಯೇ. ಆ ತಾಯಿಯ ಮಗಳು ಈಗ ದಿನಕ್ಕೊಂದೆರಡರಂತೆ ತಂದೆಯ ಕಾಗದಗಳನ್ನು ಹೀಗೆ ತಿರುಗಿಸುತ್ತಿದ್ದಾಳೆ, ಮೂಲಗಳನ್ನೂ ಇಟ್ಟಿದ್ದಾಳೆ.

ಲಿನಕ್ಸಿನಲ್ಲಿ ಎಲ್ಲವೂ ಆಗುವುದೆಂದು ನಾವು ಹೇಳೆವು. ಮೈಕ್ರೋಸಾಫ್ಟ್ ಆಫೀಸು ಅದರಲ್ಲಿ ನೇರವಾಗಿ ನೆಲಸದು. ಲಿಬ್ರೆ ಆಫೀಸು ಅದೇ ಕಡತಗಳನ್ನು ತೆರೆಯುತ್ತದೆ, ಆದರೆ ಪುಟದ ಅಂದವು ಅಲ್ಲಲ್ಲಿ ಜರುಗೀತು. ಲೆಕ್ಕಪತ್ರದ ಕೆಲವು ತಂತ್ರಾಂಶಗಳೂ ಡಿಜಿಟಲ್ ಸಹಿಯ ಕೆಲವು ಉಪಕರಣಗಳೂ ವಿಂಡೋಸನ್ನೇ ಬೇಡುತ್ತವೆ. ಅಂಥ ಕೆಲಸಕ್ಕೆ ಹಳೆಯ ವಿಂಡೋಸಿದ್ದರೂ, ಪೋಷಣೆ ನಿಂತ ಮೇಲೆ ಅದರಲ್ಲಿ ಅಂತರ್ಜಾಲವನ್ನು ಬಿಡಬಾರದು. ವೈಫೈಯನ್ನು ಅಲ್ಲಿ ಆರಿಸಿಟ್ಟು, ಬ್ಯಾಂಕಿನ ವ್ಯವಹಾರ, ಪತ್ರವ್ಯವಹಾರ, ಮಕ್ಕಳ ಪಾಠ ಇವೆಲ್ಲವನ್ನೂ ಲಿನಕ್ಸಿನ ಕಡೆಯಿಂದಲೇ ನಡೆಸತಕ್ಕುದು. ಮುಂದೆಂದಾದರೂ ಲಿನಕ್ಸು ಬೇಡವಾದರೆ ಅದರ ಭಾಗವನ್ನು ಮೊದಲು ಅಳಿಸಬಾರದು. ಯಂತ್ರವು ನೆಟ್ಟಗೆ ವಿಂಡೋಸಿನಿಂದ ಏಳುವಂತೆ ಮೊದಲು ಏರ್ಪಡಿಸಿ, ಅದು ಎದ್ದುದನ್ನು ಕಂಡ ಮೇಲೆಯೇ ಅಳಿಸತಕ್ಕುದು.