‘ಪವರ್‌ಸೇವ್’ ಎಂಬ ಸುಳ್ಳು ಬೋರ್ಡು

ಮೊನ್ನೆ ತಮ್ಮ ಹಾಸನದಿಂದ ಫೋನ್ ಮಾಡಿದ್ದ. "ಅಣ್ಣಾ, ಲ್ಯಾಪ್‌ಟಾಪು ಆಮೆ ಥರ ನಡೀತಿದೆ. ಗವರ್ನರ್ ಯಾವ್ದು ಅಂತ ನೋಡಿದ್ರೆ ಪವರ್‌ಸೇವ್ ಅಂತಿದೆ. ಅದೇ ಕಾರಣ ತಾನೇ?"

"ಹೌದು ಕಣೋ, ಪರ್ಫಾರ್ಮೆನ್ಸ್ ಮಾಡು" ಅಂದುಬಿಟ್ಟೆ.

ಎರಡು ದಿನ ಬಿಟ್ಟು ಮತ್ತೆ ಫೋನು. ಈಗ ಫ್ಯಾನು ರೈಸ್‌ಮಿಲ್ಲಿನ ಥರ ಕೂಗುತ್ತಿದೆ, ನಿಧಾನ ಮಾತ್ರ ಹಾಗೇ ಇದೆ! ಕೊನೆಗೆ ಬಿಚ್ಚಿ ನೋಡಿದರೆ ಫ್ಯಾನಿನ ಸಂದಿಯಲ್ಲಿ ಒಂದು ಹಿಡಿ ಧೂಳು. ಚಿಪ್ಪು ಕಾದು ಕಾದು ತಾನೇ ವೇಗ ತಗ್ಗಿಸಿಕೊಳ್ಳುತ್ತಿತ್ತು. ನನ್ನ ಸಲಹೆ ಉರಿಯೋ ಒಲೆಗೆ ಸೀಮೆಎಣ್ಣೆ ಸುರಿದಂತಾಗಿತ್ತು.

ತಪ್ಪು ನನ್ನದೇ. ಆದರೆ ನನ್ನೊಬ್ಬನದೇ ಅಲ್ಲ.

ಗವರ್ನರ್ ಅಂದರೆ ರಾಜಭವನದವರಲ್ಲ. ಪ್ರೊಸೆಸರ್ ಎಷ್ಟು ವೇಗದಲ್ಲಿ ಓಡಬೇಕು ಅಂತ ತೀರ್ಮಾನಿಸುವ ಲಿನಕ್ಸ್ ಕರ್ನೆಲ್‌ನ ಭಾಗ. ಆ ತೀರ್ಮಾನವನ್ನು ಚಿಪ್ಪಿಗೆ ಮುಟ್ಟಿಸುವುದು ಡ್ರೈವರ್. ಹಳೇ ಲೆಕ್ಕ ಸರಳವಾಗಿತ್ತು. ‘ಪವರ್‌ಸೇವ್’ ಅಂದರೆ ಅತಿ ಕಡಿಮೆ ವೇಗ, ‘ಪರ್ಫಾರ್ಮೆನ್ಸ್’ ಅಂದರೆ ಅತಿ ಹೆಚ್ಚು. ಕೆಲಸ ನೋಡಿಕೊಂಡು ಏರಿಳಿಯೋದಕ್ಕೆ 2004ರಲ್ಲಿ ‘ಆನ್‌ಡಿಮ್ಯಾಂಡ್’ ಬಂತು, 2016ರಲ್ಲಿ ‘ಶೆಡ್‌ಯುಟಿಲ್’ ಬಂತು. ಹೆಸರಿಗೆ ತಕ್ಕ ಕೆಲಸ.

2013ರಲ್ಲಿ, ಕರ್ನೆಲ್ 3.9ರ ಜೊತೆ, ಇಂಟೆಲ್ ಪಿ-ಸ್ಟೇಟ್ ಡ್ರೈವರ್ ಬಂತು ನೋಡಿ... ಗವರ್ನರ್ ಕೆಲಸವನ್ನೂ ತಾನೇ ವಹಿಸಿಕೊಂಡು, ಹೊರಗೆ ಅವೇ ಎರಡು ಹಳೇ ಬೋರ್ಡು ತಗುಲಿಸಿತು: ಪರ್ಫಾರ್ಮೆನ್ಸ್, ಪವರ್‌ಸೇವ್. ಆದರೆ ಇದರ ಪವರ್‌ಸೇವ್ ಕನಿಷ್ಠ ವೇಗವಲ್ಲ, ಕೆಲಸ ಬಂದರೆ ಧಾರಾಳವಾಗಿ ಮೇಲೇರುತ್ತೆ. ಇದು ಹೆಚ್ಚುಕಮ್ಮಿ ಶೆಡ್‌ಯುಟಿಲ್ ಥರ ಅಂತ ಕರ್ನೆಲ್ ದಾಖಲೆಯೇ ಒಪ್ಪಿಕೊಂಡಿದೆ. ಅಲ್ಲಾ ಸ್ವಾಮೀ, ಒಂದು ಒಲೆಯಲ್ಲಿ ‘ಸಿಮ್’ ಅಂದರೆ ಸಣ್ಣ ಉರಿ, ಇನ್ನೊಂದರಲ್ಲಿ ‘ಸಿಮ್’ ಅಂದರೆ ಪಾತ್ರೆ ನೋಡಿ ಉರಿ ತಾನೇ ಏರುತ್ತೆ ಅಂದರೆ, ಹಾಲು ಉಕ್ಕಿದಾಗ ಯಾರನ್ನು ಬೈಯಬೇಕು?

ಇದಕ್ಕೆ ಎರಡು ಸಮಜಾಯಿಷಿ ಇದೆ. ಇಂಥ ಡ್ರೈವರುಗಳಿಗೆ ಮೊದಲಿಂದ ಇದ್ದದ್ದೇ ಆ ಎರಡು ಪದ ಅನ್ನೋದು ಒಂದು. ಈಗ ಹೆಸರು ಬದಲಾಯಿಸಿದರೆ ಅದನ್ನು ನಂಬಿದ ತಂತ್ರಾಂಶಗಳು ಕೆಡುತ್ತವೆ ಅನ್ನೋದು ಇನ್ನೊಂದು. ಎರಡನೆಯದನ್ನು ಒಪ್ಪುತ್ತೇನೆ. ಆದರೆ 2013ರಲ್ಲಿ ಡ್ರೈವರ್ರೇ ಹೊಸದು, ಆಗ ಮೂರನೇ ಪದ ಸೇರಿಸೋಕೆ ಏನು ಧಾಡಿಯಾಗಿತ್ತು? ಹೋಗಲಿ, 2023ರಲ್ಲಿ 6.3ಕ್ಕೆ ಎಎಮ್‌ಡಿ ಪಿ-ಸ್ಟೇಟ್‌ನ ಆಕ್ಟಿವ್ ಮೋಡ್ ಬಂದಾಗಲೂ ಅವೇ ಎರಡು ಬೋರ್ಡು!

ಇನ್ನೂ ತಮಾಷೆ ಕೇಳಿ. ಚಿಪ್ಪೇ ತನ್ನ ವೇಗ ಆರಿಸಿಕೊಳ್ಳುವ ಸೌಲಭ್ಯ (ಎಚ್‌ಡಬ್ಲ್ಯುಪಿ) ಇಲ್ಲದ ಹಳೇ ಇಂಟೆಲ್ ಯಂತ್ರಗಳಲ್ಲಿ, 2020ರ 5.7ರಿಂದ ಇದೇ ಡ್ರೈವರ್ ತಾನಾಗಿ ಪ್ಯಾಸಿವ್ ಮೋಡಿಗೆ ಹೋಗುತ್ತೆ. ಅಲ್ಲಿ ಪವರ್‌ಸೇವ್ ಅಂದರೆ ನಿಜಕ್ಕೂ ಕನಿಷ್ಠ ವೇಗ. ಅದೇ ಯಂತ್ರ, ಅದೇ ಪದ, ಕರ್ನೆಲ್ ಹೊಸದಾಯ್ತು ಅಂತ ಅರ್ಥ ಉಲ್ಟಾ.

ಇದು ಬರೀ ಪದದ ಜಗಳ ಅಲ್ಲ. ವೇಗ ಏರಿದರೆ ವೋಲ್ಟೇಜೂ ಏರಬೇಕು, ವಿದ್ಯುತ್ ಖರ್ಚು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತೆ. ಬೋರ್ಡು ನಂಬಿ ಪರ್ಫಾರ್ಮೆನ್ಸ್ ಒತ್ತಿದವನು ಶಾಖದಲ್ಲೂ ಬ್ಯಾಟರಿಯಲ್ಲೂ ದಂಡ ತೆರುತ್ತಾನೆ.

ಅದಕ್ಕೇ ಕನ್ನಡದಲ್ಲಿ ಟಿಪ್ಸ್ ಬರೆಯೋ ಗೆಳೆಯರಲ್ಲಿ ಒಂದು ವಿನಂತಿ. ಗವರ್ನರ್ ಹೆಸರಿಗೂ ಮುಂಚೆ ಡ್ರೈವರ್ ಯಾವುದು, ಯಾವ ಮೋಡ್ ಅಂತ ನೋಡಿ ಅನ್ನಿ. ಪಿ-ಸ್ಟೇಟ್ ಆಕ್ಟಿವ್ ಇದ್ದರೆ ಪವರ್‌ಸೇವ್ ಮುಟ್ಟಬೇಡಿ ಅನ್ನಿ. ಎಚ್‌ಡಬ್ಲ್ಯುಪಿ ಇರುವ ಯಂತ್ರದಲ್ಲಿ ತಿರುಗಿಸಬೇಕಾದ ಕಿವಿ ‘ಎನರ್ಜಿ ಪರ್ಫಾರ್ಮೆನ್ಸ್ ಪ್ರಿಫರೆನ್ಸ್’. ಕರ್ನೆಲ್‌ನವರು ಬೋರ್ಡು ಬದಲಾಯಿಸಲ್ಲ, ನಾವಾದರೂ ಅದರ ಕೆಳಗೆ ಒಂದು ಚೀಟಿ ಅಂಟಿಸೋಣ. ಏನಂತೀರಾ?

ಅಂದಹಾಗೆ, ಮೊದಲು ಧೂಳು ಹೊಡೀರಿ ಅನ್ನೋದನ್ನೂ ಮರೀಬೇಡಿ :-)