ಕುಸಿಯುವ ಮೊದಲೇ ಆಸರೆ

ಮಕ್ಕಳ ಹೃದಯದ ಲಯ ಸರಿಪಡಿಸುವ ಅಬ್ಲೇಶನ್ ಚಿಕಿತ್ಸೆ ಬಹುಪಾಲು ಸುರಕ್ಷಿತ. ತೊಡೆಸಂದಿನ ರಕ್ತನಾಳದಿಂದ ತೆಳು ಕ್ಯಾತಿಟರ್ ತೂರಿಸಿ, ಅಡ್ಡದಾರಿ ಹಿಡಿದ ವಿದ್ಯುತ್ತಿನ ಮೂಲವನ್ನು ಸುಟ್ಟೋ ಅತಿಶೀತದಿಂದ ಹೆಪ್ಪುಗಟ್ಟಿಸಿಯೋ ಮುಗಿಸುತ್ತಾರೆ. ಹೃದಯ ಗಟ್ಟಿಯಾಗಿರುವ ಮಗುವಿಗೆ ಯಂತ್ರದ ಆಸರೆಯ ಮಾತೇ ಏಳುವುದಿಲ್ಲ, ಏಳಲೂಬಾರದು.

ಪ್ರಶ್ನೆ ಇರುವುದು ತಿಂಗಳುಗಟ್ಟಲೆ ಬಿಡುವಿಲ್ಲದ ವೇಗದ ಬಡಿತದಿಂದಲೇ ಹೃದಯ ಸೋತು ಹಿಗ್ಗಿದ ಮಗುವಿನದು. ಲಯ ಸರಿಹೋದರೆ ಇಂಥ ಸ್ನಾಯು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತದೆ. ಆದರೆ ಚಿಕಿತ್ಸೆಯ ಹೊತ್ತೇ ಗಂಡಾಂತರದ್ದು. ಅರಿವಳಿಕೆ ಬಿಪಿ ಇಳಿಸುತ್ತದೆ. ದೋಷದ ಜಾಗ ಪತ್ತೆಯಾಗಬೇಕಾದರೆ ಆ ವಿಪರೀತ ಬಡಿತ ನಡೆಯುತ್ತಲೇ ಇರಬೇಕು. ಬಿಪಿ ಕುಸಿದರೆ ಹುಡುಕಾಟ ಬಿಟ್ಟು ಜೀವ ಉಳಿಸಲು ಓಡಬೇಕು.

ರಕ್ತವನ್ನು ಹೊರಗೆಳೆದು, ಆಮ್ಲಜನಕ ತುಂಬಿ ಮರಳಿಸುವ ಎಕ್ಮೋ ಇಲ್ಲಿ ಒದಗುತ್ತದೆ. 1975ರಲ್ಲಿ ಅಮೆರಿಕದ ರಾಬರ್ಟ್ ಬಾರ್ಟ್ಲೆಟ್ ಅದರಿಂದ ನವಜಾತ ಶಿಶುವೊಂದನ್ನು ಉಳಿಸಿದ್ದು ಶ್ವಾಸಕೋಶ ಸೋತಾಗ. ಈಗ ಅದೇ ಯಂತ್ರ ಹೃದಯದ ಕೆಲಸವನ್ನೂ ಹೊತ್ತುಕೊಂಡು ವೈದ್ಯರಿಗೆ ಸಮಯ ಕೊಡುತ್ತದೆ.

ಎಕ್ಮೋ ಅಲ್ಲದೆ ಇನ್ನೊಂದು ಆಸರೆಯೂ ಇದೆ: ದೊಡ್ಡವರಲ್ಲಿ ಬಳಸುವ ಇಂಪೆಲ್ಲಾ ಪಂಪು. ಅದು ಎಡ ಹೃತ್ಕುಕ್ಷಿಯಿಂದ ರಕ್ತವನ್ನು ಎಳೆದು ಮಹಾಪಧಮನಿಗೆ ನೂಕುತ್ತದೆ. ಅದರ ಸಿಪಿ ಮಾದರಿಯ ಪಂಪು 14 ಫ್ರೆಂಚ್ ದಪ್ಪ, ಅಂದರೆ ಸುಮಾರು 4.7 ಮಿಲಿಮೀಟರ್. ಪುಟ್ಟ ಮಗುವಿನ ತೊಡೆಯ ಅಪಧಮನಿ ಅದಕ್ಕಿಂತ ಕಿರಿದು. ಬಲವಂತಕ್ಕೆ ಇಳಿದರೆ ಕಾಲಿಗೆ ರಕ್ತ ಹೋಗುವುದೇ ನಿಂತೀತು. ಸಾಲದ್ದಕ್ಕೆ ಅದರ ಮೋಟರಿನ ಕಾಂತಕ್ಷೇತ್ರ, ಹೃದಯದ ನಕ್ಷೆ ಬರೆಯುವ ಕಾಂತೀಯ ಉಪಕರಣಕ್ಕೂ ಅಡ್ಡಿ ಮಾಡಬಲ್ಲದು. ದೊಡ್ಡವರಿಗೆಂದು ಮಾಡಿದ ಸಲಕರಣೆಯನ್ನು ಮಕ್ಕಳಿಗೆ ಹೊಂದಿಸಿಕೊಳ್ಳುವ ಈ ಪಾಡು ನನಗೆ ನಿಜಕ್ಕೂ ಸಂಕಟದ ಸಂಗತಿ.

ಹಾಗಾದರೆ ಪ್ರಾಣಕ್ಕೆ ಬಂದಾಗ ಮಾತ್ರ ಎಕ್ಮೋ ಹಾಕಿದರೆ ಸಾಲದೇ? ರಕ್ತಸ್ರಾವ, ಹೆಪ್ಪು, ಪಾರ್ಶ್ವವಾಯುವಿನ ಭಯ ಸುಳ್ಳಲ್ಲ. ಹೆಪ್ಪು ತಡೆಯುವ ಹೆಪಾರಿನ್ ಕೊಡದೆ ಯಂತ್ರ ನಡೆಸುವುದೂ ಕಷ್ಟ. ಆದರೂ ಎದೆ ಒತ್ತುತ್ತಲೇ ನಳಿಕೆ ತೂರಿಸುವುದಕ್ಕೂ, ಶಾಂತವಾಗಿ ನಾಳದ ಅಳತೆ ನೋಡಿ ಮೊದಲೇ ಕೂರಿಸುವುದಕ್ಕೂ ಅಜಗಜಾಂತರ. ಎದೆ ಒತ್ತುವ ಆ ನಿಮಿಷಗಳಲ್ಲಿ ಮಿದುಳಿಗೆ ರಕ್ತ ಸಾಲದೆ ಹೋಗುತ್ತದೆ. ಹೃದಯ ತೀರ ಸೋತ ಮಗುವಿಗೆ ಆಸರೆಯನ್ನು ಮೊದಲೇ ಕೂರಿಸಬೇಕು. ಅಷ್ಟು ಸೋಲದ ಮಗುವಿಗೆ ಯಂತ್ರ, ಅದನ್ನು ನಡೆಸುವ ತಂಡ ಎರಡೂ ಅದೇ ಕೋಣೆಯಲ್ಲಿ ಸಿದ್ಧವಿರಬೇಕು ಎಂಬುದು ನನ್ನ ವಾದ. ಇಂಥ ಮಕ್ಕಳು ವಿರಳವಾದ್ದರಿಂದ ದೊಡ್ಡ ಪ್ರಯೋಗಗಳ ಪುರಾವೆಗೆ ಕಾಯುತ್ತ ಕೂರಲಾಗದು.

ತಾಯಿತಂದೆಗೂ ಈ ಸಿದ್ಧತೆಯನ್ನು ಚಿಕಿತ್ಸೆಯ ಹಿಂದಿನ ದಿನವೇ ಬಿಡಿಸಿ ಹೇಳಬೇಕು. ಎಕ್ಮೋ ಇಲ್ಲದ ಆಸ್ಪತ್ರೆ ಇಂಥ ಮಗುವಿನ ಅಬ್ಲೇಶನ್‌ಗೆ ಕೈಹಾಕದೆ, ಔಷಧಿಯಲ್ಲಿ ಮಗು ಇನ್ನೂ ಹತೋಟಿಯಲ್ಲಿರುವಾಗಲೇ ಸೌಲಭ್ಯವಿರುವ ಕಡೆಗೆ ಕಳಿಸಬೇಕು.